ಒಂಬತ್ತು ಜನರ ಅಳತೆ

ಬೈತಖೋಲದಲ್ಲಿ ಬೋಟು ಕಟ್ಟಿ ಇಂದಿಗೆ ನಲವತ್ತೊಂದು ದಿನ.
ಎಂಜಿನ್ನಿನ ಮೇಲೆ ನೀಲಿ ತಾಡಪತ್ರಿ,
ತಾಡಪತ್ರಿಯ ಮೇಲೆ ಮಳೆ, ಮಳೆಯಲ್ಲಿ ಒಂದು ಕಾಗೆ.
ನಾನು ಮನೆಯಲ್ಲಿ.

ಬೋಟಿನಲ್ಲಿ ನನ್ನನ್ನು ಭಂಡಾರಿ ಎನ್ನುತ್ತಾರೆ.
ಅಂದರೆ ಒಂಬತ್ತು ಹೊಟ್ಟೆಗಳ ಯಜಮಾನ.
ಒಂದೇ ಪಾತೇಲಿ, ಒಂದೇ ಸ್ಟೋವು,
ಸ್ಟೋವಿನ ಸುತ್ತ ಕಬ್ಬಿಣದ ಕಟ್ಟು,
ಅಲೆ ಬಂದಾಗ ಸಾರು ಎದ್ದು ಹೋಗದಿರಲೆಂದು.
ಇಲ್ಲಿ ಒಲೆ ಅಲುಗುವುದಿಲ್ಲ. ಅದೇ ಕಷ್ಟ.
ಕಾಲು ಅಗಲಿಸಿ ನಿಂತೇ ಈರುಳ್ಳಿ ಹೆಚ್ಚುತ್ತೇನೆ.
ಶೇವಂತಿ ನಗುತ್ತಾಳೆ:
ನೆಲಕ್ಕೇನು ಹೆದರ್ತೀರಿ, ಅದೆಲ್ಲೂ ಹೋಗೂದಿಲ್ಲ.

ಶುಕ್ರವಾರದ ಅವರ್ಸಾ ಬಸ್ಸಿಗೆ
ಮಂಕಾಳಿ ಗೌಡ್ತಿಯ ಬುಟ್ಟಿ ಬರುತ್ತದೆ.
ಹೋಳಿಗೆ ಮುಂಚೆ, ಬಾಂಗಡೆಯ ದುಡ್ಡು
ಕಿಸೆಯಲ್ಲಿನ್ನೂ ಬೆಚ್ಚಗಿದ್ದಾಗ
ಸಾವಿರದೆಂಟುನೂರು ಕೊಟ್ಟಿದ್ದೆ, ಬೀಜಕ್ಕೆ, ಗೊಬ್ಬರಕ್ಕೆ.
ಚೀಟಿಯಿಲ್ಲ, ಸಹಿಯಿಲ್ಲ.
ಬೆಳೆದದ್ದು ಬರ್ತದೆ, ಬೆಳೀದಿದ್ದು ಬರೂದಿಲ್ಲ
ಅಂದಿದ್ದಳು, ನೋಟನ್ನು ಸೆರಗಿಗೆ ಗಂಟು ಹಾಕುತ್ತ.
ಬಲೆಯೂ ಅಷ್ಟೇ ಹೇಳುವುದು. ನನಗೆ ಅರ್ಥವಾಯಿತು.

ಈ ವಾರ ಎರಡು ಹೀರೆ, ಒಂದು ಸೇರು ಬೆಂಡೆ,
ಬೇರಿನ ಮಣ್ಣು ಸಮೇತ ಕೆಂಪು ಹರಿವೆ,
ಬಾಳೆಪಟ್ಟೆಯ ಜೋಲಿಯಲ್ಲಿ ಜಂತಿಗೆ ತೂಗಿ
ಬೇಸಿಗೆ ಕಳೆದ ಹಳೆಯ ಮೊಗೆಕಾಯಿ,
ಹುಳ ಅರ್ಧ ತಿಂದ ಬದನೆ.
ಆ ಅರ್ಧ ಅದರ ಪಾಲು, ಎಂದಳು ಮಂಕಾಳಿ,
ನಗದೆ.

ಉಳಿದದ್ದು ಡಬ್ಬಿಗಳಿಂದ.
ಒಣಮೀನಿನ ಡಬ್ಬಿ ತೆರೆದರೆ ಬರೀ ವಾಸನೆ;
ಮುಚ್ಚಿದೆ.
ರಾತ್ರಿ ನೆನೆಹಾಕಿದ ಅಳಸಂದೆ ಬೆಳಿಗ್ಗೆ ಎರಡು ಪಟ್ಟಾಗಿತ್ತು.
ಸಾಣಿಕಟ್ಟೆಯ ಉಪ್ಪು ಬೆವರಿ ಕೂತಿತ್ತು.
ಕುಮಟೆಯ ಈರುಳ್ಳಿ ಗೊಂಚಲಿನಲ್ಲಿ ಕೊನೆಯ ಏಳು,
ನಾಲ್ಕೆಸಳು ಮುರುಗಲ ಸಿಪ್ಪೆ.
ಒಣಮೆಣಸು, ಬೋಟಿನ ಲೆಕ್ಕದಲ್ಲಿ, ಮೂವತ್ತು.
ಶೇವಂತಿ ಕೈ ಹಿಡಿದು ಹದಿನಾಲ್ಕಕ್ಕೆ ಇಳಿಸಿದಳು.

ಕಾಯಿ ಹುರಿಯುವಾಗ ಮಾತಾಡಬಾರದು.
ಬಿಳಿ ಹೋಗಿ ಹೊಂಬಣ್ಣ,
ಹೊಂಬಣ್ಣ ಹೋಗಿ ಒದ್ದೆ ಮರಳಿನ ಬಣ್ಣ,
ಅಲ್ಲಿ ನಿಲ್ಲಿಸಬೇಕು.
ಇನ್ನೊಂದು ಉಸಿರು ಕಾದರೆ ಡಾಂಬರು.

ಮೆಣಸಿನ ಘಾಟಿಗೆ ಪಕ್ಕದ ಪಿಯೆದಾದ ಬಾಯಿ
ಮೂರು ಸಲ ಸೀನಿ, ನಾಲ್ಕನೆಯದಕ್ಕೆ ಕಿಟಕಿ ತೆರೆದಳು:
ಏನು ಪುರ್ಸೋ, ಮೀನು ಸಿಕ್ಕಿತೋ?
ಇಲ್ಲ ಬಾಯಿ,
ಬದನೆಕಾಯಿ.

ಮೊದಲು ಮೊಗೆಕಾಯಿ, ಅದು ಹಟಮಾರಿ.
ಆಮೇಲೆ ಅಳಸಂದೆ, ಹೀರೆ, ಹುಳದ ಎಂಜಲು ಕೊಯ್ದು ಬದನೆ,
ಅರೆದ ಮಸಾಲೆ, ಅರೆದ ಕಲ್ಲು ತೊಳೆದ ನೀರು.
ಬೆಂಡೆ ತಡವಾಗಿ, ಅದನ್ನು ಜಾಸ್ತಿ ಕಲಕಿದರೆ ಮುನಿಯುತ್ತದೆ.
ಹರಿವೆ ಬಿದ್ದದ್ದೇ ಇಡೀ ಪಾತೇಲಿ
ಸಂಜೆಯ ದೇವಗಡ ದ್ವೀಪದ ಹಿಂದಿನ ನೀರು.

ಇಳಿಸುವ ಮುಂಚೆ ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿದೆ.
ನಮ್ಮಲ್ಲಿ ಅದು ಬಾಂಗಡೆಗೆ.
ಕೈ ಕೇಳಲಿಲ್ಲ.

ಉಣ್ಣುವಾಗ ಶೇವಂತಿ ಬದನೆಯ ಹೋಳನ್ನು
ಬೆರಳಲ್ಲಿ ಒತ್ತಿ, ಮಗುಚಿ, ಮತ್ತೆ ಒತ್ತಿದಳು.
ಏನು ಹುಡುಕ್ತೀ?
ಮುಳ್ಳು, ಎಂದಳು, ತಾನೇ ನಕ್ಕಳು.
ನಾನು ನಗಲಿಲ್ಲ.
ನನ್ನ ಬೆರಳೂ ಅಲ್ಲೇ ಇತ್ತು.

ಇಬ್ಬರು ಉಂಡರೂ ಪಾತೇಲಿ ಕೆಳಗಿಳಿಯಲಿಲ್ಲ.
ಪಿಯೆದಾದ ಬಾಯಿಗೆ ಒಂದು ಬಟ್ಟಲು.
ಮಿಕ್ಕದ್ದನ್ನು ಬಟ್ಟೆ ಕಟ್ಟಿ, ಕೊಡೆ ಅದಕ್ಕೇ ಹಿಡಿದು,
ನಾನು ನೆನೆದು ಧಕ್ಕೆಗೆ ಹೋದೆ.

ಬೋಟು ಕಾಯಲು ಎತ್ವಾ ಒಬ್ಬನೇ ಉಳಿದಿದ್ದಾನೆ.
ಅವನ ಊರು ಝಾರ್ಖಂಡಿನಲ್ಲಿ, ಮೂರು ರೈಲು ದೂರ.
ತಾಡಪತ್ರಿಯಡಿ ಬಲೆ ಹೆಣೆಯುತ್ತಿದ್ದ.
ಪಾತೇಲಿ ಇಸಿದುಕೊಂಡವನೇ
ಸ್ಟೋವಿನ ಕಬ್ಬಿಣದ ಕಟ್ಟಿನೊಳಗೆ ಇಟ್ಟ.
ಬೋಟು ಕಟ್ಟಿತ್ತು.
ಆದರೂ ಅಲ್ಲೇ ಇಟ್ಟ.

ಒಂದು ತುತ್ತು ಬಾಯಿಗಿಟ್ಟು
ನನ್ನ ಮುಖ ನೋಡಿದ.
ಖಾರ ಕಮ್ಮಿ, ಭಂಡಾರಿ.

ಹೌದು, ಎಂದೆ.
ಹದಿನಾರು ಕಮ್ಮಿ.